ಮನೆಗೆ ಮೊದಲೇ ಬಂದ ದನಿ

ನಮ್ಮ ಬ್ಯಾಂಕಿನ ಮೂರನೆಯ ಕೌಂಟರಿನ ಹಿಂದೆ ಇಪ್ಪತ್ತಾರು ವರ್ಷ ಕುಳಿತಿದ್ದ ಹೆಂಗಸಿಗೆ ಹಾಜರಿ ಪುಸ್ತಕದಲ್ಲಿ ಒಂದು ಹೆಸರಿತ್ತು. ಅದನ್ನು ಯಾರೂ ಬಳಸಿದ್ದು ನಾನು ಕಂಡಿಲ್ಲ. ಪಿಂಚಣಿಯ ಮುದುಕರಿಂದ ಹಿಡಿದು ಮ್ಯಾನೇಜರವರೆಗೆ ಎಲ್ಲರಿಗೂ ಆಕೆ ಕೌಂಟರಕ್ಕ. ಆಕೆಯ ದನಿಯ ವಿಷಯ ಎತ್ತಿದರೆ ಸಾಕು, ನಾನು ಬಣ್ಣ ಕಟ್ಟುತ್ತೇನೆ ಎನ್ನುತ್ತಾರೆ. ಕಟ್ಟುವವನೇ ಹೌದು, ಆದರೆ ಇಲ್ಲಿ ಅದರ ಅಗತ್ಯವೇ ಬೀಳುವುದಿಲ್ಲ. ಸಾಲದ ಅರ್ಜಿ ತಿರಸ್ಕಾರವಾದವನೊಬ್ಬ ಆ ಸುದ್ದಿಯನ್ನು ಆಕೆಯ ಬಾಯಿಂದ ಕೇಳಿ, ಕೈ ಮುಗಿದು ಹೊರಟು, ಬಸ್ಸು ಹತ್ತಿ, ಟಿಕೆಟ್ಟಿಗೆ ಜೇಬು ತಡಕುವಾಗಷ್ಟೇ 'ಅಯ್ಯೋ, ನನಗೆ ಸಾಲ ಸಿಗಲಿಲ್ಲವಲ್ಲ' ಎಂದು ನೆನಪಿಸಿಕೊಂಡಿದ್ದ. ಮಿಕ್ಕ ಕೌಂಟರುಗಳಲ್ಲಿ ನೊಣ ಹೊಡೆಯುತ್ತಿದ್ದರೂ ಜನ ಆಕೆಯ ಸಾಲಿನಲ್ಲೇ ನಿಲ್ಲುತ್ತಿದ್ದರು. ಆ ಸಾಲಿನ ಬಾಲದಲ್ಲಿ ನಿಂತ ಒಬ್ಬ ಯುವಕನಿಗೆ ಮುಂದೆ ನಿಂತವಳ ಪರಿಚಯವಾಗಿ, ಪರಿಚಯ ಮದುವೆಗೆ ಮುಟ್ಟಿ, ಕೌಂಟರು ತಲುಪುವಷ್ಟರಲ್ಲಿ ಇಬ್ಬರೂ ಸೇರಿ ಮಗುವಿನ ಹೆಸರಲ್ಲಿ ಖಾತೆ ತೆರೆದರು.

ನಾನು ಅದೇ ಶಾಖೆಯ ಹೆಡ್ ಕ್ಯಾಶಿಯರ್. ಆಕೆಯ ಪಕ್ಕದ ಗಾಜಿನ ಗೂಡು ನನ್ನದು. ಮನೆಯೂ ಒಂದೇ ಕಟ್ಟಡದಲ್ಲಿ: ಕೆಳಗೆ ನಾನು, ಮೇಲಿನ ಮಹಡಿಯಲ್ಲಿ ಅಕ್ಕ ಮತ್ತು ಆಕೆಯ ಅಮ್ಮ.

ಅಕ್ಕ ನಮ್ಮ ಶಾಖೆಗೆ ಒಂದು ಪಾಠ ಕಲಿಸಿದ್ದಳು. ಗಿರಾಕಿಗೆ 'ತಪ್ಪು' ಎನ್ನಬಾರದು. ಅವನು ಚೀಟಿಯನ್ನು ತಲೆಕೆಳಗಾಗಿ ತುಂಬಿರಲಿ, ಪಕ್ಕದ ಬೀದಿಯ ಅಂಚೆ ಕಚೇರಿಯ ಪುಸ್ತಕವನ್ನೇ ತಂದಿರಲಿ, 'ಕ್ಷಮಿಸಿ, ನನಗೆ ಅರ್ಥ ಆಗ್ಲಿಲ್ಲ, ಇನ್ನೊಂದ್ಸಲ ನಿಧಾನವಾಗಿ ಹೇಳ್ತೀರಾ?' ಎನ್ನಬೇಕು. ದಡ್ಡತನವೆಲ್ಲ ಬ್ಯಾಂಕಿನದೇ ಎಂಬಂತೆ. ಹೊಸದಾಗಿ ಕೆಲಸಕ್ಕೆ ಸೇರಿದವರು ಈ ಒಂದು ಮಾತು ಬಾಯಿಗೆ ಬರುವವರೆಗೆ ಕೌಂಟರಿನಲ್ಲಿ ಕೂರುವಂತಿರಲಿಲ್ಲ.

ದಿನವಿಡೀ ಹೀಗೆ ಮಾತಾಡಿದವಳ ಗಂಟಲಲ್ಲಿ ಸಂಜೆಗೆ ಏನು ಉಳಿದೀತು? ಮೂರು ವಾಕ್ಯ ಉಳಿಯುತ್ತಿತ್ತು. "ಊಟ ಆಯ್ತಾ? ಮಾತ್ರೆ ತಗೊಂಡ್ಯಾ? ಲೈಟ್ ಆರಿಸ್ಲಾ?" ಅಮ್ಮನ ಪಾಲಿಗೆ ಬರುತ್ತಿದ್ದುದು ಇಷ್ಟೇ. ಅಮ್ಮ ನಲವತ್ತು ವರ್ಷ ಹೊಲಿಗೆ ಯಂತ್ರ ತುಳಿದು ಮಗಳನ್ನು ಓದಿಸಿದವಳು. ಸುತ್ತಮುತ್ತ ಹೊಲಿಗೆಯಮ್ಮ ಎಂದೇ ಹೆಸರು. ಕಣ್ಣಿನೊಳಗಿನ ಒತ್ತಡ ಹೆಚ್ಚಿ ಎಡಗಣ್ಣು ಹೋಗಿತ್ತು. ನಾಲಗೆ ಮಾತ್ರ ಆಗತಾನೇ ಸಾಣೆ ಹಿಡಿಸಿ ತಂದ ಕತ್ತರಿ.

"ಏನಪ್ಪಾ ಕ್ಯಾಶಿಯರಪ್ಪ," ಎಂದು ಮಹಡಿಯಿಂದಲೇ ಕೂಗುತ್ತಿದ್ದಳು. "ನಿಮ್ಮ ಬ್ಯಾಂಕಲ್ಲಿ ನನ್ನ ಮಗಳ ಮಾತೆಲ್ಲಾ ಜಮಾ ಇದೆಯಲ್ಲ, ಸ್ವಲ್ಪ ಡ್ರಾ ಮಾಡಿ ತಂದುಕೊಡೋಕೆ ಆಗುತ್ತಾ?"

ಆಮೇಲೆ ಒಂದು ಹೊಸ ಬ್ಯಾಂಕು ಬಂತು. ಬಂತು ಎನ್ನುವುದೂ ಸರಿಯಲ್ಲ, ಅದಕ್ಕೆ ಕಾಲೇ ಇರಲಿಲ್ಲ. ಕಟ್ಟಡವಿಲ್ಲ, ಬಾಗಿಲಿಲ್ಲ, ಇಡೀ ಬ್ಯಾಂಕು ಜನರ ಜೇಬಿನ ಫೋನಿನಲ್ಲೇ ವಾಸ. ನಾವು ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. "ಜಗಳ ಆಡ್ಬೇಕು ಅಂದ್ರೆ ಎಲ್ಲಿಗ್ರೀ ಹೋಗ್ತಾರೆ?" ಎಂದು ಮ್ಯಾನೇಜರು ಕೇಳಿದರು. ಒಂದೇ ವರ್ಷದಲ್ಲಿ ನಮ್ಮ ಶಾಖೆ ಎಷ್ಟು ಬಿಕೋ ಎನ್ನತೊಡಗಿತೆಂದರೆ, ಕಾವಲುಗಾರ ಬೇಸರ ತಾಳಲಾರದೆ ತಾನೇ ಟೋಕನ್ ತೆಗೆದುಕೊಂಡು, ತನ್ನ ನಂಬರನ್ನು ತಾನೇ ಕೂಗಿ, ತಾನೇ ಎದ್ದು ಬರುತ್ತಿದ್ದ.

ನಾಲ್ಕೇ ಶಾಖೆಗಳ ಪುಟ್ಟ ಬ್ಯಾಂಕು ನಮ್ಮದು. ಹೆಡ್ಡಾಫೀಸಿಗೆ ನಡುಕ ಹುಟ್ಟಿತು. ಒಬ್ಬ ಸಲಹೆಗಾರ ಬಂದ. ಉಳಿದ ಗಿರಾಕಿಗಳನ್ನೆಲ್ಲ ಹಿಡಿದು, 'ನೀವು ಇನ್ನೂ ಈ ಬ್ಯಾಂಕಿಗೆ ಯಾಕೆ ಬರ್ತೀರಿ?' ಎಂದು ಕೇಳಿದ. ಹತ್ತರಲ್ಲಿ ಒಂಬತ್ತು ಮಂದಿ 'ಅಕ್ಕನ ಮಾತಿಗೆ' ಎಂದರು. ಹತ್ತನೆಯವನು 'ಫ್ಯಾನಿಗೆ' ಎಂದ. ಸಲಹೆಗಾರನಿಗೆ ದಾರಿ ಹೊಳೆಯಿತು: ನಮ್ಮ ಬ್ಯಾಂಕೂ ಫೋನಿನಲ್ಲಿ ಮಾತಾಡಲಿ, ಅಕ್ಕನ ದನಿಯಲ್ಲೇ ಮಾತಾಡಲಿ.

ಹಳೆಯ ಲೆಡ್ಜರುಗಳ ಕೋಣೆಯ ಗೋಡೆಗಳಿಗೆ ಸದ್ದು ತಡೆಯಲು ಹಾಸಿಗೆ ಒರಗಿಸಿ, ಅಕ್ಕನನ್ನು ಮೂರು ದಿನ ಮೈಕಿನ ಮುಂದೆ ಕೂರಿಸಿದರು. ಸಾವಿರಾರು ವಾಕ್ಯ ಓದಬೇಕಿತ್ತು. ಅರ್ಧಕ್ಕರ್ಧ ಅರ್ಥವಿಲ್ಲದವು, ಯಂತ್ರಕ್ಕೆ ಬೇಕಾದದ್ದು ಬರೀ ಉಚ್ಚಾರ. ಬ್ಯಾಂಕಿನ ಅಧಿಕೃತ ದನಿ ಇಡೀ ಒಂದು ಬೆಳಿಗ್ಗೆ 'ಛತ್ರಿಯ ಕೆಳಗೆ ಜಿರಾಫೆ ಝಳಝಳ ಮಿನುಗಿತು' ಎಂದು ಗಂಭೀರವಾಗಿ ಓದಿತು. ಧ್ವನಿ ತೆಗೆಯುವವನು, "ಮೇಡಂ, ಕಾಗದಕ್ಕೆ ಓದಿ ಹೇಳಬೇಡಿ. ನಿಮಗೆ ತುಂಬಾ ಬೇಕಾದವರು ಒಬ್ಬರು ಎದುರಿಗೆ ಕೂತಿದ್ದಾರೆ ಅಂದ್ಕೊಂಡು ಮಾತಾಡಿ," ಎಂದ. ಅಕ್ಕ ಎದುರಿನ ಖಾಲಿ ಕುರ್ಚಿಯಲ್ಲಿ ತನ್ನ ಅಮ್ಮನನ್ನು ಕೂರಿಸಿಕೊಂಡಳು. ಇದನ್ನು ಆಕೆ ನನಗೆ ಹೇಳಿದ್ದು ಎಷ್ಟೋ ತಿಂಗಳ ಮೇಲೆ.

ಅಲ್ಲೇ ಇನ್ನೊಂದು ಸಣ್ಣ ತಕರಾರು ನಡೆಯಿತು. ಯಂತ್ರಕ್ಕೆ ಮಾತು ತಿಳಿಯದಾಗ ಹೇಳಲೆಂದು ಸಲಹೆಗಾರ ಬರೆದುಕೊಟ್ಟಿದ್ದ ಮಾತು: 'ತಪ್ಪು ಆಯ್ಕೆ.' ಅಕ್ಕ ಕಾಗದ ಕೆಳಗಿಟ್ಟಳು. "ಇಷ್ಟು ವರ್ಷ ಯಾರಿಗೂ ತಪ್ಪು ಅಂದಿಲ್ಲ, ಈಗ್ಲೂ ಅನ್ನಲ್ಲ," ಎಂದು ಪಟ್ಟು ಹಿಡಿದು, ಅಲ್ಲಿ ತನ್ನ ಮಾತನ್ನೇ ಸೇರಿಸಿದಳು: 'ಕ್ಷಮಿಸಿ, ನನಗೆ ಅರ್ಥವಾಗಲಿಲ್ಲ. ಇನ್ನೊಮ್ಮೆ ನಿಧಾನವಾಗಿ ಹೇಳುತ್ತೀರಾ? ನಾನು ಕೇಳುತ್ತಿದ್ದೇನೆ.'

ಯಂತ್ರ ಗೆದ್ದಿತು. ತಿಂಗಳೊಳಗೆ ಆ ದನಿ ಎಲ್ಲೆಲ್ಲೂ ಹಬ್ಬಿತು. ಕ್ಷೌರದಂಗಡಿಯಲ್ಲಿ ಅರ್ಧ ಗಡ್ಡ ಬೋಳಿಸಿಕೊಂಡವನ ಕಿವಿಯಲ್ಲಿ ಅಕ್ಕ, ಬಸ್ಸಿನ ಹಿಂದಿನ ಸೀಟಿನಲ್ಲಿ ಅಕ್ಕ, ತರಕಾರಿಯವನ ತಕ್ಕಡಿಯ ಪಕ್ಕದಲ್ಲೂ ಅಕ್ಕ. ಬೀದಿಯಲ್ಲಿ ಹೋಗುವಾಗ ಯಾರದೋ ಕಿಟಕಿಯಿಂದ ತನ್ನ ದನಿ ಯಾರಿಗೋ ನಮಸ್ಕಾರ ಹೇಳುವುದು ಕೇಳಿ ಆಕೆ ಗಕ್ಕನೆ ನಿಲ್ಲುತ್ತಿದ್ದಳು. "ಬೆಳಿಗ್ಗೆ ತಾನೇ ನಿಮ್ಮ ಹತ್ರ ಮಾತಾಡಿದ್ನಲ್ಲಕ್ಕಾ," ಎಂದು ಜನ ನಕ್ಕು ಮುಂದೆ ಹೋಗುತ್ತಿದ್ದರು. ಎದುರಿಗೆ ನಿಂತವಳ ಹತ್ತಿರ ಮಾತಾಡುವುದೇನೂ ಉಳಿದಿರಲಿಲ್ಲ. ಮೂರನೆಯ ಕೌಂಟರನ್ನು ಕಿತ್ತು, ಆಕೆಯನ್ನು ಒಂದು ಯಂತ್ರದ ಪಕ್ಕ ಸಹಾಯಕಿ ಎಂದು ನಿಲ್ಲಿಸಿದರು. ನನ್ನನ್ನು ನಿವೃತ್ತಿಗೆ ಎರಡು ವರ್ಷ ಮೊದಲೇ ಹಾರ ಹಾಕಿ ಮನೆಗೆ ಕಳಿಸಿದರು. ಹಾರ ಎಷ್ಟು ಭಾರವಾಗಿತ್ತೆಂದರೆ ತಿರುಗಿ ನೋಡಲಾಗಲಿಲ್ಲ.

ಒಮ್ಮೆ ಅಕ್ಕ ಮ್ಯಾನೇಜರ ಮುಂದೆ ನಿಂತು, "ಸಾರ್, ಅದನ್ನ ತೆಗೆದುಬಿಡಿ," ಎಂದಳಂತೆ.

"ಅಕ್ಕ, ಅದು ಈಗ ಬ್ಯಾಂಕಿನ ಆಸ್ತಿ. ನಿಮಗೆ ಅಷ್ಟು ಮುಜುಗರ ಆದ್ರೆ ನೀವೇ ಬೇರೆ ದನೀಲಿ ಮಾತಾಡಿ ನೋಡಿ," ಎಂದರಂತೆ ಅವರು. ತಮಾಷೆಗೇ ಅಂದದ್ದು. ಅಕ್ಕ ಅಂದಿನಿಂದ ಪಿಸುಗುಟ್ಟತೊಡಗಿದಳು.

ಒಂದು ಸಂಜೆ ಆಕೆ ಮನೆಯ ಮೆಟ್ಟಿಲು ಹತ್ತುತ್ತಿದ್ದಳು. ನಾನು ಬಾಗಿಲಲ್ಲಿ ನಿಂತಿದ್ದೆ. ನಡುಮೆಟ್ಟಿಲಲ್ಲಿ ಆಕೆ ಕಲ್ಲಾದಳು. ಮೇಲೆ, ಮುಚ್ಚಿದ ಬಾಗಿಲಿನ ಹಿಂದೆ, ಅಕ್ಕ ಮಾತಾಡುತ್ತಿದ್ದಳು.

'ನಿಧಾನವಾಗಿ ಹೇಳುತ್ತೀರಾ? ನಾನು ಕೇಳುತ್ತಿದ್ದೇನೆ.'

ನನ್ನ ಮೈಯ ರೋಮವೆಲ್ಲ ಎದ್ದು ನಿಂತು, ಇವತ್ತಿಗೂ ಪೂರ್ತಿ ಕೂತಿಲ್ಲ. ನನ್ನ ಕಣ್ಣೆದುರು ಮೆಟ್ಟಿಲ ಮೇಲೆ ಚೀಲ ಹಿಡಿದು ನಿಂತವಳು, ತನಗಿಂತ ಮೊದಲೇ ಮನೆ ತಲುಪಿದ್ದಳು. ಒಳಗೆ ಅಮ್ಮನ ಪಕ್ಕ ಕೂತಿದ್ದಳು. ತಾನು ವರ್ಷಗಳಿಂದ ಕೇಳದ ಮಾತನ್ನು, ತಾನು ಕೇಳಬೇಕಿದ್ದ ದನಿಯಲ್ಲಿ ಕೇಳುತ್ತಿದ್ದಳು.

ಆದದ್ದು ಇಷ್ಟು. ಅಕ್ಕನೇ ಅಮ್ಮನ ಫೋನಿನಲ್ಲಿ ಒಂದನೇ ಗುಂಡಿಗೆ ಬ್ಯಾಂಕನ್ನೂ ಎರಡನೆಯದಕ್ಕೆ ತನ್ನನ್ನೂ ಇಟ್ಟು, ಸ್ಪೀಕರು ಹಾಕಿಕೊಟ್ಟಿದ್ದಳು. ಖಾತೆಯಲ್ಲಿ ಎಷ್ಟಿದೆ ಎಂದು ಕೇಳಲು ಅಮ್ಮ ಒಮ್ಮೆ ಒಂದನೇ ಗುಂಡಿ ಒತ್ತಿದಳು. ಲೆಕ್ಕ ಹೇಳಿದ ಮೇಲೆ ಯಂತ್ರ, 'ಇನ್ನೇನಾದರೂ ಬೇಕಿತ್ತೇ?' ಎಂದಿತು. ಅಮ್ಮ, ಮೊಣಕಾಲು ನೋವು ಎಂದಳು. ಯಂತ್ರ ಕ್ಷಮೆ ಕೇಳಿ, ಇನ್ನೊಮ್ಮೆ ಹೇಳಿ ಎಂದಿತು. ಅಮ್ಮ ಇನ್ನೊಮ್ಮೆ ಹೇಳಿದಳು. ಮೂರು ಸಲ ಅರ್ಥವಾಗದಿದ್ದರೆ ಕರೆಯನ್ನು ಮನುಷ್ಯರಿಗೆ ದಾಟಿಸಬೇಕೆಂಬ ಏರ್ಪಾಟೇನೋ ಇತ್ತು. ಆ ಮನುಷ್ಯರನ್ನು ಖರ್ಚು ಉಳಿಸಲು ಅಷ್ಟರಲ್ಲೇ ಮನೆಗೆ ಕಳಿಸಿಯಾಗಿತ್ತು. ಹಾಗಾಗಿ ಅದು ಕೇಳುತ್ತಲೇ ಇತ್ತು. ಬ್ಯಾಂಕಿನ ಪದ ಒಂದನ್ನೂ ಆಡದಿದ್ದರೆ ಈ ಹುಡುಗಿ ಎಷ್ಟು ಹೊತ್ತು ಬೇಕಾದರೂ ಕೇಳುತ್ತಾಳೆ ಎಂಬುದು ಹೊಲಿಗೆಯಮ್ಮನಿಗೆ ಎರಡೇ ದಿನದಲ್ಲಿ ಪತ್ತೆಯಾಯಿತು.

"ಅದು ಯಂತ್ರ ಅಮ್ಮಾ," ಎಂದು ಅಕ್ಕ ಅಂದಳಂತೆ ಆ ಸಂಜೆ.

"ಗೊತ್ತು ಕಣೇ. ನಲವತ್ತು ವರ್ಷ ಯಂತ್ರ ತುಳಿದವಳಿಗೆ ಯಂತ್ರ ಗೊತ್ತಾಗಲ್ವಾ? ಆದ್ರೆ ನನ್ನನ್ನ ಇನ್ನೊಂದ್ಸಲ ಹೇಳಮ್ಮ ಅಂತ ಕೇಳಿದವರು ಈ ಮನೇಲಿ ಬೇರೆ ಯಾರಿದ್ದಾರೆ?"

ಅಂದಿನಿಂದ ಅಕ್ಕ ದಿನಾ ಸಂಜೆ ಮೆಟ್ಟಿಲ ಮೇಲೆ ನಿಂತು ಕೇಳಿಸಿಕೊಳ್ಳತೊಡಗಿದಳು. ಅಮ್ಮನ ಮದುವೆಯ ಕಥೆ, ತೀರಿಕೊಂಡ ಅಪ್ಪನ ಗೊರಕೆಯ ಕಥೆ, ಹೊಟ್ಟೆಯಲ್ಲೇ ಹೋದ ಒಂದು ಕೂಸಿನ ಕಥೆ. ಯಾವುದನ್ನೂ ಆಕೆ ಹಿಂದೆ ಕೇಳಿರಲಿಲ್ಲ. ತನ್ನ ಮನೆಯ ಬಾಗಿಲಿಗೆ ತಾನೇ ಕಳ್ಳಿಯಂತೆ ಕಿವಿಯಿಟ್ಟು, ಒಳಗಿನ ತನ್ನ ದನಿ ಪ್ರತಿ ಕಥೆಗೂ ಅರ್ಥವಾಗಲಿಲ್ಲ ಎನ್ನುವುದನ್ನು ಕೇಳುತ್ತಿದ್ದಳು. ದಿನಕ್ಕಿಷ್ಟು ತೆಳ್ಳಗಾದಳು. ಮೆಟ್ಟಿಲ ಗೋಡೆಯ ಮೇಲೆ ನೆರಳೂ ಅರೆಬರೆ ಬೀಳುತ್ತಿತ್ತು ಎಂದರೆ ನೀವು ನಂಬಬೇಕಿಲ್ಲ, ನಾನು ನೋಡಿದ್ದೇನೆ.

ಹೀಗಿರುವಾಗ ಅಮ್ಮ ಒಂದು ಸಂಜೆ ಯಂತ್ರಕ್ಕೆ ಹೇಳಿದಳು: "ಇನ್ನೊಂದು ಕಣ್ಣೂ ಹೋಗ್ತಾ ಇದೆ ಕಣಮ್ಮಾ. ಸುತ್ತಲಿನದು ಕಾಣಲ್ಲ, ನಡುವಿನದಷ್ಟೇ. ಸೂಜಿ ಕಣ್ಣಲ್ಲಿ ಇಣುಕಿ ಮನೆ ನೋಡಿದ ಹಾಗೆ. ಅವಳಿಗೆ ಹೇಳಿಲ್ಲ."

ಅಕ್ಕ ನೇರ ಕೆಳಗಿಳಿದು ನನ್ನ ಮನೆಗೆ ಬಂದಳು. ಎಡಗಣ್ಣು ಹೋದದ್ದೂ ಹೀಗೆಯೇ, ಅಂಚಿನಿಂದ. ತಡಮಾಡಿದರೆ ಅಮ್ಮನ ಪಾಲಿಗೆ ಕತ್ತಲೆಯೇ ಗತಿ ಎಂಬುದು ಇಬ್ಬರಿಗೂ ಗೊತ್ತಿತ್ತು. "ಕೇಳೇಬಿಡಮ್ಮ," ಎಂದೆ. ಕೇಳಿದಳು. ಅಮ್ಮ, "ನನ್ನ ಕಣ್ಣಾ? ಹದ್ದಿನ ಕಣ್ಣು ಕಣೇ. ನಿನ್ನ ತಲೇಲಿ ಎಷ್ಟು ಬಿಳಿ ಕೂದಲಿದೆ ಹೇಳ್ಲಾ?" ಎಂದಳು. ಆಸ್ಪತ್ರೆಗೆ ಹೋಗೋಣ ಎಂದರೆ, ಹೊಸ ಹೊಸ ಕಾಯಿಲೆ ಹುಡುಕಬೇಡ ಎಂದಳು. ಕದ್ದು ಕೇಳಿದೆ ಎಂದು ಬಾಯಿಬಿಟ್ಟರೆ ಯಂತ್ರಕ್ಕೆ ಹೇಳುವುದನ್ನೂ ನಿಲ್ಲಿಸುತ್ತಾಳೆ. ಒಂದು ವಾರ ಹೀಗೇ ಎಳೆಯಿತು. ಆ ವಾರದಲ್ಲಿ ಹೊಲಿಗೆಯಮ್ಮ ಎರಡು ಸಲ ಬಾಗಿಲ ಚೌಕಟ್ಟಿಗೆ ಭುಜ ಹೊಡೆದುಕೊಂಡಳು.

ಎಂಟನೆಯ ದಿನ ಅಕ್ಕ ನನ್ನ ಕುರ್ಚಿಯಲ್ಲಿ ಕೂತು, "ಅಣ್ಣ, ನಿಮ್ಮ ಫೋನ್ ಕೊಡಿ," ಎಂದಳು. ಬೆನ್ನು ನೆಟ್ಟಗೆ ಮಾಡಿಕೊಂಡಳು. ಎಷ್ಟೋ ತಿಂಗಳಿಂದ ಪಿಸುಗುಟ್ಟುತ್ತಿದ್ದವಳ ಬಾಯಿಂದ ಆ ಹಳೆಯ ದನಿ ಹೊರಬಂತು.

"ನಮಸ್ಕಾರ. ನಿಮ್ಮ ಬ್ಯಾಂಕಿನಿಂದ ಮಾತನಾಡುತ್ತಿದ್ದೇನೆ."

ನಮ್ಮ ಮನೆಯ ತಾರಸಿ ತೆಳು. ಮೇಲಿನ ಉತ್ತರ ಫೋನಿನಲ್ಲೂ ಕೇಳಿಸಿತು, ತಲೆಯ ಮೇಲಿಂದಲೂ ಕೇಳಿಸಿತು. "ಅರೆ, ಇವತ್ತು ನೀನೇ ಮಾಡಿದ್ಯಾ? ನಾನೇ ಮಾಡೋಣ ಅಂತಿದ್ದೆ."

"ನಿಮ್ಮ ಕಣ್ಣಿನ ಬಗ್ಗೆ ಮಾತನಾಡಬೇಕಿತ್ತು."

"ಹಾಗಾದ್ರೆ ನಾನು ಹೇಳಿದ್ದೆಲ್ಲ ಅರ್ಥ ಆಗಿತ್ತಾ ನಿಂಗೆ? ಆಗಿಲ್ಲ, ಆಗಿಲ್ಲ ಅಂತ ನಾಟಕ ಆಡ್ತಿದ್ಯಲ್ಲೇ, ಕಳ್ಳಿ!"

"ಅರ್ಥವಾಗಿತ್ತು."

"ಎಲ್ಲಾನೂ?"

"ಎಲ್ಲವೂ."

"ಮಗಳಿಗೆ ಹೇಳಿಲ್ಲ ತಾನೆ? ಹೇಳ್ಬೇಡಮ್ಮ. ಒಂದು ಕಣ್ಣಿಗೇ ಅವಳು ರಜ ಹಾಕಿ ಹಾಕಿ ಬೈಸ್ಕೊಂಡ್ಲು. ಈಗ ಕೌಂಟರೂ ಕಿತ್ಕೊಂಡಿದ್ದಾರೆ. ಇದೂ ಹೋಯ್ತು ಅಂದ್ರೆ ಕೆಲಸಕ್ಕೇ ಸಂಚಕಾರ."

"ನೀವು ನಾಳೆ ಕಣ್ಣಿನ ಆಸ್ಪತ್ರೆಗೆ ಹೋಗಬೇಕು. ಮಗಳನ್ನು ಕರೆದುಕೊಂಡು ಹೋಗಿ."

"ಬರ್ತಾಳಾ?"

ಅಕ್ಕ ಫೋನನ್ನು ಎದೆಗೆ ಒತ್ತಿಕೊಂಡು ಗೋಡೆ ನೋಡಿದಳು. ಮತ್ತೆ ಕಿವಿಗಿಟ್ಟು, "ಬರುತ್ತಾಳೆ," ಎಂದಳು. ಕಣ್ಣಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು. ದನಿಯಲ್ಲಿ ಅದರ ಒಂದು ಹನಿಯೂ ಇರಲಿಲ್ಲ. ನನಗೆ ಭಯ ಹುಟ್ಟಿಸಿದ್ದು ಅದೇ.

"ಸರಿ, ನೀನು ಹೇಳ್ತೀಯ ಅಂದ್ಮೇಲೆ ಹೋಗ್ತೀನಿ. ಅವಳು ಹೇಳಿದ್ರೆ ಹೋಗ್ತಿರ್ಲಿಲ್ಲ."

ಫೋನು ಕೆಳಗಿಟ್ಟ ಮೇಲೂ ಅಕ್ಕ ಏಳಲಿಲ್ಲ. "ಅಣ್ಣ, ಈಗ ಮಾತಾಡಿದ್ದು ನಾನಾ?" ಎಂದಳು. ಹೆಣದ ಮನೆಯಲ್ಲೂ ಜೋಕು ಹೇಳಿ ಬೈಸಿಕೊಂಡ ಬಾಯಿ ನನ್ನದು. ಆ ಹೊತ್ತಿನಲ್ಲಿ ಎದ್ದು ನೀರು ತಂದುಕೊಟ್ಟೆನಷ್ಟೇ.

ಅಕ್ಕ ಮೇಲೆ ಹೋದರೆ ಅಮ್ಮ ಕಾಯುತ್ತಿದ್ದಳು. "ನಾಳೆ ರಜ ಹಾಕು. ಕಣ್ಣಿನ ಡಾಕ್ಟ್ರ ಹತ್ರ ಹೋಗ್ಬೇಕು."

"ಇದ್ದಕ್ಕಿದ್ದ ಹಾಗೆ ಯಾಕಮ್ಮಾ?"

"ಬ್ಯಾಂಕಿನವಳು ಹೇಳಿದ್ಲು."

"ನಾನೂ ಬ್ಯಾಂಕಿನವಳೇ ಅಲ್ವಾ?"

"ನೀನು ಬೇರೆ ಬಿಡು."

ಇನ್ನೊಂದು ತಿಂಗಳು ಬಿಟ್ಟು ಬಂದಿದ್ದರೆ ಕೈಚೆಲ್ಲಬೇಕಿತ್ತು ಎಂದರು ಡಾಕ್ಟರು. ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾಯಿತು. ಅದೇ ವಾರ ನಮ್ಮ ಬ್ಯಾಂಕೂ ಕಣ್ಮುಚ್ಚಿತು. ಏನೆಲ್ಲ ಹೊಸದು ಮಾಡಿದರೂ ತಡೆಯಲಾಗಲಿಲ್ಲ. ದೊಡ್ಡ ಬ್ಯಾಂಕೊಂದು ಅದನ್ನು ನುಂಗಿತು. ಆಕಳಿಸುವಾಗ ಸೊಳ್ಳೆ ಬಾಯೊಳಗೆ ಹೋದ ಹಾಗೆ, ನುಂಗಿದವರಿಗೂ ಗೊತ್ತಾಯಿತೋ ಇಲ್ಲವೋ. ಫಲಕ ಬದಲಾಯಿತು. ಫೋನಿನ ದನಿಯೂ ಬದಲಾಯಿತು. ಆಸ್ಪತ್ರೆಯ ಓಡಾಟದಲ್ಲಿ ಅಕ್ಕನಿಗೆ ಅದನ್ನು ಯೋಚಿಸಲು ಪುರುಸೊತ್ತಿರಲಿಲ್ಲ.

ಶಸ್ತ್ರಚಿಕಿತ್ಸೆಯ ಮಾರನೆಯ ಮಧ್ಯಾಹ್ನ ನಾನು ಫ್ಲಾಸ್ಕು ಹಿಡಿದು ವಾರ್ಡಿಗೆ ಹೋದೆ. ಉಳಿದ ಕಣ್ಣಿಗೂ ಪಟ್ಟಿ ಬಿದ್ದು, ಹೊಲಿಗೆಯಮ್ಮನಿಗೆ ಪೂರ್ತಿ ಕತ್ತಲೆ. ಮಂಚದ ಪಕ್ಕದ ಸ್ಟೂಲಿನಲ್ಲಿ ಅಕ್ಕ ತೂಕಡಿಸುತ್ತಿದ್ದಳು. ಅಮ್ಮ ದಿಂಬಿನ ಅಡಿಯಿಂದ ಫೋನು ತಡಕಿ ತೆಗೆದು, ಬೆರಳಿನಿಂದ ಒಂದನೇ ಗುಂಡಿ ಹುಡುಕಿ ಒತ್ತಿದಳು. ನಾನು ತಡೆಯುವಷ್ಟರಲ್ಲಿ ಚುರುಕಾದ ಗಂಡುದನಿಯೊಂದು ಸ್ವಾಗತ ಕೋರಿತು.

"ಆಪರೇಷನ್ ಆಯ್ತು ಕಣೇ," ಎಂದಳು ಅಮ್ಮ.

'ತಪ್ಪು ಆಯ್ಕೆ.'

"ನೀನ್ಯಾರಪ್ಪಾ? ಅವಳನ್ನ ಕರಿ."

'ತಪ್ಪು ಆಯ್ಕೆ. ಧನ್ಯವಾದ.' ಕರೆ ಕಡಿಯಿತು.

ಅಮ್ಮ ಫೋನನ್ನು ಹೊಟ್ಟೆಯ ಮೇಲಿಟ್ಟುಕೊಂಡಳು. "ಹೋಗ್ಬಿಟ್ಲು. ನನಗೆ ಒಂದು ಮಾತೂ ಹೇಳ್ದೆ ಹೋಗ್ಬಿಟ್ಲು," ಎಂದಳು. ಗಲ್ಲ ನಡುಗತೊಡಗಿತು. ಪಕ್ಕದ ಮಂಚಕ್ಕೆ ಮಾತ್ರೆ ಕೊಡುತ್ತಿದ್ದ ನರ್ಸು ಓಡಿಬಂದಳು. "ಅಜ್ಜಿ, ಅಳಬಾರದು! ಒತ್ತಡ ಬಿದ್ರೆ ಒಳಗಿನ ಹೊಲಿಗೆ ಬಿಚ್ಕೊಳ್ಳುತ್ತೆ, ಮಾಡಿದ್ದೆಲ್ಲಾ ವ್ಯರ್ಥ. ಯಾರಾದ್ರೂ ಸಮಾಧಾನ ಮಾಡ್ರೀ!"

ಅಕ್ಕ ಎದ್ದು ಕೂತಿದ್ದಳು. ಯಾರ ದನಿಯಲ್ಲಿ ಮಾತಾಡಬೇಕೆಂದು ಯೋಚಿಸುತ್ತಿದ್ದಾಳೆ ಎನ್ನುವುದು ಆ ಮುಖದಲ್ಲಿ ಓದುವಷ್ಟು ಸ್ಪಷ್ಟವಾಗಿತ್ತು. ಯೋಚಿಸಿ ಪ್ರಯೋಜನವಿರಲಿಲ್ಲ, ಇದ್ದದ್ದು ಒಂದೇ.

"ಅಳ್ಬೇಡ," ಎಂದಳು. "ಇಲ್ಲೇ ಇದ್ದೀನಿ."

ಅಮ್ಮನ ಪಟ್ಟಿ ಕಟ್ಟಿದ ಮುಖ ಈ ಕಡೆ ತಿರುಗಿತು. "ಯಾರು? ನೀನಾ, ಅವಳಾ?"

"ನಾನು."

"ಅದು ಗೊತ್ತಾಯ್ತು. ಯಾವ ನಾನು?"

ಅಕ್ಕ ಅಮ್ಮನ ಕೈ ಹಿಡಿದು ಮಾತಾಡತೊಡಗಿದಳು. ಹಾಸಿಗೆ ಒರಗಿಸಿದ ಕೋಣೆಯ ಬಗ್ಗೆ, ಮೂರು ದಿನ ಎದುರಿಗೆ ಕೂರಿಸಿಕೊಂಡಿದ್ದ ಅಮ್ಮನ ಬಗ್ಗೆ, ಮೆಟ್ಟಿಲ ಮೇಲೆ ನಿಂತು ಕೇಳಿದ ಕಥೆಗಳ ಬಗ್ಗೆ, ಹೊಟ್ಟೆಯಲ್ಲೇ ಹೋದ ಆ ಕೂಸು ಹೆಣ್ಣೋ ಗಂಡೋ ಎಂದು ತಾನು ಯೋಚಿಸಿದ್ದರ ಬಗ್ಗೆ. ಎರಡು ಗಂಟೆ ಮಾತಾಡಿದಳು. ವಾರ್ಡಿನ ಹನ್ನೊಂದು ಮಂಚಗಳೂ ಉಸಿರು ಬಿಗಿಹಿಡಿದು ಕೇಳಿದವು. ಹೊತ್ತು ಮುಗಿದ ನರ್ಸು ಮನೆಗೆ ಹೋಗುವುದನ್ನೇ ಮರೆತಳು. ಅಮ್ಮ ಅಳಲಿಲ್ಲ. ಒಂದೇ ಒಂದು ಸಲ, "ಹೆಣ್ಣು," ಎಂದಳು.

ಕಣ್ಣು ಉಳಿಯಿತು. ಡಾಕ್ಟರು ಬೆರಳು ತೋರಿಸಿ ಎಣಿಸಲು ಹೇಳಿದರೆ, ಹೊಲಿಗೆಯಮ್ಮ ಬೆರಳುಗಳನ್ನು ಎಣಿಸಿ, ಅವರ ಅಂಗಿಯ ಮೂರನೇ ಗುಂಡಿ ಬೇರೆ ಬಣ್ಣದ ದಾರದಲ್ಲಿ ಹೊಲಿದಿದೆ ಎಂದೂ ಹೇಳಿದಳು.

ದೊಡ್ಡ ಬ್ಯಾಂಕು ಸಹಾಯಕಿಯರನ್ನು ಇಟ್ಟುಕೊಳ್ಳಲಿಲ್ಲ. ಅಕ್ಕ ಈಗ ಮನೆಯಲ್ಲೇ ಇದ್ದಾಳೆ. ಪಿಸುಮಾತು ಬಿಟ್ಟಿದ್ದಾಳೆ. ದಿನವೂ ಸಂಜೆ ಅಮ್ಮನ ಪಕ್ಕ ಬೆಂಚಿನ ಮೇಲೆ ಕೂತು, ಬೀದಿಯಲ್ಲಿ ಕಂಡದ್ದು, ಅಂಗಡಿಯಲ್ಲಿ ಕೇಳಿದ್ದು, ಎಲ್ಲವನ್ನೂ ಬಿಡಿಸಿ ಬಿಡಿಸಿ ಹೇಳುತ್ತಾಳೆ. ನಾನೂ ಒಂದೊಂದು ದಿನ ಮೇಲೆ ಹೋಗಿ ಬಾಗಿಲ ಬಳಿ ಕೂರುತ್ತೇನೆ. ಮಗಳು ಬಾಯಿ ತೆರೆದ ಕೂಡಲೇ ಅಮ್ಮ ಕಣ್ಣು ಮುಚ್ಚಿಕೊಳ್ಳುತ್ತಾಳೆ. ಅಷ್ಟು ಪಾಡುಪಟ್ಟು ಉಳಿಸಿಕೊಂಡ ಕಣ್ಣು.

ಮೊನ್ನೆ ಅಕ್ಕ ತಡೆಯಲಾರದೆ ಕೇಳಿಯೇ ಬಿಟ್ಟಳು. "ಅಮ್ಮಾ, ಒಂದ್ಸಲ ನನ್ನ ಕಡೆ ನೋಡ್ಕೊಂಡು ಕೇಳಬಾರ್ದಾ?"

"ನೋಡಿದ್ರೆ ನೀನೊಬ್ಬಳೇ ಇರ್ತೀಯ ಕಣೇ," ಎಂದಳು ಅಮ್ಮ, ಕಣ್ಣು ತೆರೆಯದೆ. "ಮುಚ್ಕೊಂಡ್ರೆ ಇಬ್ಬರೂ ಇರ್ತೀರಿ. ಹೂಂ, ಮುಂದಕ್ಕೆ ಹೇಳು."

ಅಕ್ಕ ತನ್ನ ಪಕ್ಕದ ಖಾಲಿ ಜಾಗವನ್ನು ಒಮ್ಮೆ ನೋಡಿದಳು. ಆಮೇಲೆ ಬೆಂಚಿನ ಮೇಲೆ ಒಂದಿಷ್ಟು ಸರಿದು ಕೂತು, ಮಾತು ಮುಂದುವರಿಸಿದಳು.